ಬಿಚ್ಚಿದ ಮನೆಗೆ ಪರಿಹಾರವಿಲ್ಲ

ವೃತ್ತಿಯ ಅನುಭವ ಬರೆಯುವವರು ನಿವೃತ್ತರಾಗಿರಬೇಕು, ತಲೆ ನೆರೆತಿರಬೇಕು, ಬೀಳ್ಕೊಡುಗೆಯ ಶಾಲು ಹೊದ್ದ ಫೋಟೋ ಒಂದು ಗೋಡೆಯ ಮೇಲಿರಬೇಕು. ನನ್ನ ಹತ್ತಿರ ಇದರಲ್ಲಿ ಒಂದೂ ಇಲ್ಲ. ನಿವೃತ್ತಿ ಹೋಗಲಿ, ನೌಕರಿಯೇ ಇನ್ನೂ ಕಾಯಂ ಆಗಿಲ್ಲ. ೨೦೧೯ರಲ್ಲಿ ನಾನು ಕೃಷ್ಣಾ ನದಿಯ ದಂಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಇವತ್ತಿಗೂ ಅದೇ ಹುದ್ದೆ, ಒಂದು ಕೈ ಮುರಿದ ಅದೇ ಕುರ್ಚಿ. ಊರು ಅಥಣಿ, ಕಾಗವಾಡದ ಕಡೆಯದು ಎಂದಷ್ಟೇ ಹೇಳುತ್ತೇನೆ. ಹೆಸರು ಬರೆದರೆ ನಾಳೆಯಿಂದ ಅನುಭವ ಬರೆಯುವುದೊಂದೇ ನನ್ನ ಉದ್ಯೋಗವಾದೀತು.

ಊರಲ್ಲಿ ನನ್ನ ಖ್ಯಾತಿ ಕಂಪ್ಯೂಟರಿನಿಂದ ಬಂದದ್ದಲ್ಲ. ನಾನು ಮಂದಿಯ ದನಿ ತೆಗೆಯುತ್ತೇನೆ. ನಮ್ಮ ಪಿಡಿಒ ಸಾಹೇಬರು ಮೇಲಿನವರ ಜೊತೆ ಫೋನಿನಲ್ಲಿ ಮಾತಾಡುವಾಗ ಸುರಿಯುವ ಬೆಣ್ಣೆ, ಅದೇ ಫೋನು ಇಟ್ಟು ನಮ್ಮ ಕಡೆ ತಿರುಗಿದಾಗ ಉದುರುವ ಖಾರ, ರಾಯಬಾಗದ ಬಸ್ಸಿನ ಕಂಡಕ್ಟರ್ ಮೂಗಿನಲ್ಲೇ ಊರುಗಳ ಹೆಸರು ಕೂಗುವುದು, ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುವ ನಿಪ್ಪಾಣಿಯ ತಂಬಾಕು ದಲಾಲರು, ಎಲ್ಲ ಬರುತ್ತದೆ. ಹೀಗಾಗಿ ಹೊಳೆ ಏರಿದಾಗ ಆಟೋದಲ್ಲಿ ಮೈಕು ಕಟ್ಟಿ ಎಚ್ಚರಿಕೆ ಸಾರುವ ಕೆಲಸ ಸಹಜವಾಗಿ ನನ್ನ ಕೊರಳಿಗೇ ಬಿತ್ತು. ಇದಕ್ಕೆ ಬೇರೆ ಭತ್ಯೆ ಇಲ್ಲ. ಎರಡು ಸಲ ಚಹಾ ಕುಡಿಸಿದರು, ಅದರಲ್ಲೊಂದಕ್ಕೆ ಸಕ್ಕರೆ ಇರಲಿಲ್ಲ. ಸುತ್ತ ಹತ್ತು ಹರದಾರಿ ಕಬ್ಬು ನಿಂತಿರುವ ನಾಡಿನಲ್ಲಿ!

ಆ ವರ್ಷದ ಆಗಸ್ಟ್ ಮೊದಲ ವಾರ. ಮಹಾರಾಷ್ಟ್ರದಲ್ಲಿ ಮಳೆ ಹಿಡಿದಿತ್ತು, ಮೇಲಿನ ಜಲಾಶಯಗಳಿಂದ ನೀರು ಬಿಡುತ್ತಿದ್ದರು, ಇಲ್ಲಿ ಹೊಳೆ ಗಂಟೆಗಂಟೆಗೂ ದಂಡೆ ನುಂಗುತ್ತಿತ್ತು. ತಾಲೂಕು ಕಚೇರಿಯಿಂದ ಒಂದು ಹಾಳೆ ಬಂತು. ಅದನ್ನು ಹಳೆಯ ರೇಡಿಯೋ ವಾರ್ತೆಯ ಗತ್ತಿನಲ್ಲಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ: “ನದಿ ದಂಡೆಯ ಸಾರ್ವಜನಿಕರು ತಮ್ಮ ಜನ, ಜಾನುವಾರು ಹಾಗೂ ಬೆಲೆಬಾಳುವ ಸಾಮಗ್ರಿಗಳನ್ನು ಕೂಡಲೇ ಸುರಕ್ಷಿತ ಸ್ಥಳಕ್ಕೆ ಸಾಗಿಸತಕ್ಕದ್ದು.” ಮರಾಠಿಯಲ್ಲೂ ಒಂದು ಸಲ ಓದಿದೆ. ಎರಡು ದಿನ ಆಟೋ ತಿರುಗಿತು. ನನ್ನ ದನಿ ಕೇಳಿ ನನಗೇ ಭಯಭಕ್ತಿ ಹುಟ್ಟಿತು.

ಹೊಳೆ ದಂಡೆಯ ಓಣಿಯ ಮಂದಿಗೆ ಹೀಗೆ ಹೇಳಿಸಿಕೊಳ್ಳುವ ಅಗತ್ಯವೇನೂ ಇರಲಿಲ್ಲ. ಅವರಿಗೆ ತಮ್ಮದೇ ಒಂದು ಪದ್ಧತಿ ಇದೆ. ನೀರು ಓಣಿಯ ಬಾಯಿಗೆ ಬಂತೆಂದರೆ ಅವರು ಮನೆಯನ್ನೇ ಬಿಚ್ಚುತ್ತಾರೆ. ನಟ್ಟು ಬಿಚ್ಚುವ ಪಾನಾ ಹಿಡಿದು ಮೇಲೆ ಹತ್ತಿ ತಗಡು ಇಳಿಸುತ್ತಾರೆ, ಜಂತಿ ತೊಲೆ ಕೀಳುತ್ತಾರೆ, ಕದವನ್ನು ಚೌಕಟ್ಟಿನ ಸಮೇತ ಗೋಡೆಯಿಂದ ಬಿಡಿಸುತ್ತಾರೆ. ಎಲ್ಲ ಟ್ರ್ಯಾಕ್ಟರಿಗೆ ಹೇರಿ ದಿಬ್ಬದ ಮೇಲಿನ ಸಾಲೆಯ ಹಿಂದೆ ಒಟ್ಟುತ್ತಾರೆ. ಗೋಡೆ ಮಣ್ಣಿನದು. ಮಣ್ಣು ಹೊಳೆಯೇ ಕೊಟ್ಟದ್ದು, ಒಯ್ದರೆ ಒಯ್ಯಲಿ. ಕಟ್ಟಿಗೆ, ತಗಡು ಮಾತ್ರ ದುಡಿದು ತಂದದ್ದು, ಅದನ್ನು ಹೊಳೆಗೆ ಬಿಡುವುದಿಲ್ಲ.

ಶೇವಂತಾ ಮಾವಶಿಯ ಮನೆ ಆ ಓಣಿಯ ಕೊನೆಯದು. ನಮ್ಮ ಗಡಿಯಲ್ಲಿ ಚಿಕ್ಕಮ್ಮನ ವಯಸ್ಸಿನವರೆಲ್ಲ ಮಾವಶಿಗಳೇ. ಆಕೆ ಕಬ್ಬಿನ ಹೊಲಗಳಲ್ಲಿ ಕಳೆ ತೆಗೆಯುವ ಕೂಲಿ, ಮಗ ಸಕ್ಕರೆ ಕಾರ್ಖಾನೆಯಲ್ಲಿ ಸೀಜನ್ ಕೆಲಸಗಾರ. ತೀರಿಹೋದ ಗಂಡ ೨೦೦೫ರ ಮಹಾಪೂರದಲ್ಲಿ ಮನೆ ಬಿಚ್ಚಿ, ಮರಳಿ ಜೋಡಿಸುವಾಗ ಯಾವ ತೊಲೆ ಎಲ್ಲಿಯದೆಂದು ತಿಳಿಯದೆ ಒಂದು ವಾರ ಒದ್ದಾಡಿದ್ದನಂತೆ. ಆಮೇಲೆ ಆ ಪುಣ್ಯಾತ್ಮ ಒಂದೊಂದು ತಗಡು, ಒಂದೊಂದು ಜಂತಿಯ ಮೇಲೂ ಬಿಳಿ ಬಣ್ಣದಲ್ಲಿ ನಂಬರು ಬರೆದಿಟ್ಟಿದ್ದ. ಕಚೇರಿಯ ಕಡತಗಳಲ್ಲಿ ನಾನು ಅಷ್ಟು ಶಿಸ್ತು ಕಂಡಿಲ್ಲ, ನನ್ನ ಕಂಪ್ಯೂಟರಿನಲ್ಲಂತೂ ಕೇಳಲೇಬೇಡಿ.

ಟ್ರ್ಯಾಕ್ಟರ್ ಕೊಟ್ಟವನು ಅಪ್ಪಾಸಾಬ, ಆಕೆ ಕೂಲಿಗೆ ಹೋಗುವ ಹೊಲದ ಯಜಮಾನ. ಹಿಂದಿನ ಓಣಿಯಲ್ಲಿ ಅವನದು ಅಜ್ಜ ಕಟ್ಟಿಸಿದ ದೊಡ್ಡ ಮಣ್ಣಿನ ಮನೆ. ಆಟೋ ನಿಲ್ಲಿಸಿ ನಾನು ಕೇಳಿದೆ, “ಕಾಕಾ, ನಿಮ್ಮ ಸಾಮಾನು?”

“ಹೊಳಿ ನಮ್ಮ ಮನಿತನಕ ಯಾವತ್ತ ಬಂದೈತಲೇ? ಕೀಲಿ ಹಾಕೇನಿ, ಸಾಕು. ಹೋಗು, ನೀ ನಿನ್ನ ರೇಡಿಯೋ ಹಚ್ಚು.”

ಹೊಳೆ ಬಂತು. ಕೀಲಿ ತೆಗೆಯಲು ಕೇಳಲಿಲ್ಲ. ಎರಡೂ ಓಣಿಗಳ ಮೇಲೆ ಆಳೆತ್ತರ ಮೀರಿ ನೀರು ನಿಂತಿತು.

ನೀರು ಇಳಿದ ಮೇಲೆ ಜಂಟಿ ಸಮೀಕ್ಷೆ ಶುರುವಾಯಿತು. ಜಂಟಿ ಎಂದರೆ ಕಂದಾಯದ ತಲಾಠಿ, ಪಂಚಾಯಿತಿಯ ಪಿಡಿಒ ಮತ್ತು ಒಬ್ಬ ಇಂಜಿನಿಯರ್ ಮೂವರೂ ಒಟ್ಟಿಗೆ ಮನೆಮನೆ ನೋಡಿ ಹಾನಿ ಬರೆದುಕೊಳ್ಳುವುದು. ನಾಲ್ಕನೆಯವನಾಗಿ ಟ್ಯಾಬು ಹಿಡಿದ ನಾನು. ಪೂರ್ತಿ ಬಿದ್ದ ಮನೆಗೆ ‘ಎ’, ಅರ್ಧಂಬರ್ಧಕ್ಕೆ ‘ಬಿ’, ಅಲ್ಪಸ್ವಲ್ಪಕ್ಕೆ ‘ಸಿ’. ‘ಎ’ ಸಿಕ್ಕರೆ ಮನೆ ಕಟ್ಟಲು ಐದು ಲಕ್ಷ, ‘ಸಿ’ ಸಿಕ್ಕರೆ ಐವತ್ತು ಸಾವಿರ. ಒಂದು ಕುಟುಂಬ ಮುಂದಿನ ಹತ್ತು ವರ್ಷ ಹೇಗೆ ಬದುಕಬೇಕೆಂಬುದು ನನ್ನ ಹೆಬ್ಬೆರಳಿನ ಕೆಳಗಿನ ಒಂದು ಅಕ್ಷರದಲ್ಲಿತ್ತು. ಫೋಟೋ ಹಾಕಬೇಕು, ಬಿದ್ದದ್ದು ಫೋಟೋದಲ್ಲಿ ಕಾಣಬೇಕು.

ಅಪ್ಪಾಸಾಬನ ಮನೆ ಚೆಂದವಾಗಿ ಬಿದ್ದಿತ್ತು. ತೊಲೆಗಳು ಅಡ್ಡಾದಿಡ್ಡಿ, ಮಾಡು ನೆಲದ ಮೇಲೆ, ನಡುವೆ ಕೀಲಿ ಹಾಕಿದ ಕದ ಮಾತ್ರ ನೆಟ್ಟಗೆ ನಿಂತಿತ್ತು. ಮೂರು ಫೋಟೋ, ‘ಎ’. ಹತ್ತು ನಿಮಿಷದ ಕೆಲಸ.

ಆಮೇಲೆ ಶೇವಂತಾ ಮಾವಶಿಯ ಜಾಗ. ಅಲ್ಲಿ ಕೆಸರು ಮತ್ತು ಮೊಣಕಾಲೆತ್ತರದ ಕರಗಿದ ಮಣ್ಣಿನ ದಿನ್ನೆ. ಇಂಜಿನಿಯರ್ ಸಾಹೇಬರು ಸುತ್ತ ನೋಡಿದರು. ಅವರಿಗೆ ಪ್ರತಿ ಮಾತಿಗೂ ‘ಟೆಕ್ನಿಕಲಿ’ ಬೇಕು. ಅವರನ್ನು ಅಣಕಿಸುವುದು ಎಷ್ಟು ಸುಲಭವೆಂದರೆ ನಾಚಿಕೆಯಾಗಿ ನಾನು ಬಿಟ್ಟುಬಿಟ್ಟಿದ್ದೇನೆ.

“ಮನಿ ಎಲ್ಲೈತಬೇ?”

“ನೀವು ನಿಂತೀರಲ್ರಿ ಸಾಹೇಬ್ರ, ಅದು ನಮ್ಮ ಅಡಗಿ ಮನಿ,” ಎಂದಳು ಮಾವಶಿ.

ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. “ಮ್ಯಾಲಿಂದು?”

“ತಗಡು, ತೊಲಿ, ಕದ ಎಲ್ಲಾ ಸಾಲಿ ಹಿಂದ ಜ್ವಾಕಿ ಮಾಡೇವ್ರಿ.”

ಎಷ್ಟು ಹೆಮ್ಮೆಯಿಂದ ಹೇಳಿದಳೆಂದರೆ, ಸಾಹೇಬರು ಬೆನ್ನು ಚಪ್ಪರಿಸುತ್ತಾರೆಂದು ನಾನೂ ಎಣಿಸಿದೆ. ನಾವೆಲ್ಲ ಸಾಲೆಯ ಹಿಂದೆ ಹೋದೆವು. ತಾಡಪಾಲಿನ ಕೆಳಗೆ ತಗಡುಗಳು ಒಂದರ ಮೇಲೊಂದು, ಒಂದರಿಂದ ಕೊನೆಯ ನಂಬರಿನವರೆಗೆ. ಪಕ್ಕದಲ್ಲಿ ಜಂತಿ, ಕದ. ಕದದ ಮೇಲೆ ಒಂದು ಸೀರೆ ಸುತ್ತಿದ್ದಳು. ಬುದ್ಧನ ಫೋಟೋವನ್ನು ತಾನೇ ಎತ್ತಿ ಒಳಗೆ ಸಾಲೆಯ ಗೋಡೆಗೆ ತೂಗುಹಾಕಿದ್ದಳು.

“ಈ ನಂಬರ ಏನು?” ಸಾಹೇಬರು ಕೇಳಿದರು.

“ನಮ್ಮ ಮನಿಯವರು ಬರದದ್ರಿ. ಒಂದನೇದ್ದು ಬಾಗಲಾ ಕಡೇದು. ತಪ್ಪಬಾರ್ದಲ್ರಿ, ಮತ್ತ ಏರಿಸುವಾಗ.”

ಸಾಹೇಬರು ತಲಾಠಿಯ ಕಡೆ ತಿರುಗಿದರು. “ನೋಡ್ರಿ, ಇದು ಟೆಕ್ನಿಕಲಿ ಡಿಸ್ಮ್ಯಾಂಟ್ಲಿಂಗ್. ನಂಬರ್ ಹಾಕಿ ಬಿಚ್ಚ್ಯಾರ ಅಂದ್ರ ಬಿಚ್ಚೂ ವಿಚಾರ ಮೊದಲ ಇತ್ತು. ಛಾವಣಿ ನೆರಿಯಿಂದ ಬಿದ್ದಿಲ್ಲ, ಮಾಲಕರು ತಗದದ್ದು. ಛಾವಣಿ ತಗದಿದ್ದಕ್ಕ ಗ್ವಾಡಿ ಮಳಿಗೆ ಕರಗ್ಯಾವ. ನೆರಿ ಹಾನಿ ಅಂತ ಬರ್ಯಾಕ ಬರೂದಿಲ್ಲ.”

ಹಿಂದೆ ನಿಂತಿದ್ದ ಅಪ್ಪಾಸಾಬ ನಡುವೆ ಬಾಯಿ ಹಾಕಿದ. “ಸಾಹೇಬ್ರ, ನನ್ನ ಮನಿಗೆ ಛಾವಣಿ ಇತ್ತಲ್ರಿ. ಗ್ವಾಡಿ ಉಳದಾವೇನ್ರಿ? ನೀರು ಮಾಡಿನ ಮ್ಯಾಲೆ ಹಾದು ಹೋಗೇತಿ. ಛಾವಣಿ ಅಂದ್ರ ಹೊಳಿಗೆ ಹಿಡಿಯೂ ಛತ್ರಿ ಏನ್ರಿ?”

“ನಿಮ್ಮದು ‘ಎ’ ಆಗೇತಿ, ನೀವು ಸುಮ್ಮನಿರ್ರಿ,” ಎಂದರು ಸಾಹೇಬರು.

ಟ್ಯಾಬಿನಲ್ಲಿ ಪ್ರಶ್ನೆ ತೆರೆದಿತ್ತು: ಛಾವಣಿ ಕುಸಿದಿದೆಯೇ? ಹೌದು, ಇಲ್ಲ. ‘ಬುದ್ಧಿ ಉಪಯೋಗಿಸಿ ಉಳಿಸಿಕೊಂಡಿದ್ದಾರೆ’ ಎಂಬ ಮೂರನೆಯ ಉತ್ತರ ಅದನ್ನು ಮಾಡಿದವರ ತಲೆಗೆ ಹೊಳೆದಿರಲಿಲ್ಲ. ನಾನು ‘ಇಲ್ಲ’ ಒತ್ತಿದೆ. ಇಷ್ಟು ಹೊತ್ತು ಬೇರೆಯವರ ಮೇಲೆ ನಾಲಿಗೆ ಹರಿಬಿಟ್ಟಿದ್ದೇನೆ, ಇದನ್ನೂ ಬರೆಯಬೇಕು: ಒತ್ತಿದವನು ನಾನೇ.

ಮಾವಶಿ ನನ್ನ ಹತ್ತಿರ ಬಂದು ಮುಖ ದಿಟ್ಟಿಸಿದಳು. “ಆಟೋದಾಗ ಒದರಿದಾವ ನೀನ ಅಲ್ಲೇನೋ?”

“ಹೌದ್ರಿ ಮಾವಶಿ.”

“ಒಯ್ರಿ ಒಯ್ರಿ ಅಂತ ಎರಡ ದಿನ ಒದರಿದಿ, ಒಯ್ದೆ. ಈಗ ಯಾಕ ಒಯ್ದಿ ಅಂತ ಕೇಳಾಕ ನಾಕ ಮಂದಿ ಬಂದೀರಿ. ಬರೂ ಮುಂದ ನೀವು ನೀವು ಒಂದೀಟು ಮಾತಾಡಿಕೊಂಡು ಬರಬಾರ್ದೇನೋ ಪೋರಾ?”

ಮೊದಲ ಪಟ್ಟಿಯಲ್ಲಿ ಆಕೆಯ ಹೆಸರೇ ಇರಲಿಲ್ಲ. ತಕರಾರು ಸಲ್ಲಿಸಲು ಒಂದು ವಾರ ಕೊಟ್ಟಿದ್ದರು. ನಾನು ಅರ್ಜಿ ಬರೆದೆ. ಮನೆ ಇತ್ತೆಂಬುದಕ್ಕೆ ಪಂಚಾಯಿತಿಗೆ ಕಟ್ಟಿದ ಮನೆಪಟ್ಟಿ ಎಂಬ ಮನೆ ಕಂದಾಯದ ರಸೀದಿ, ಕರೆಂಟಿನ ಬಿಲ್ಲು ಲಗತ್ತಿಸಿದೆ. ಮನೆಪಟ್ಟಿ ಕಟ್ಟಿಸಿಕೊಳ್ಳುವಾಗ ಅದು ಸರ್ಕಾರದ ಕಣ್ಣಿಗೆ ಮನೆಯಾಗಿಯೇ ಕಂಡಿತ್ತು, ಆಗ ಯಾರೂ ‘ಟೆಕ್ನಿಕಲಿ’ ಅಂದಿರಲಿಲ್ಲ. ಸಾಕ್ಷಿಗೆ ಅಪ್ಪಾಸಾಬ ತಾನಾಗಿ ಬಂದ. ಅವನ ಮುಖದಲ್ಲಿ ಐದು ಲಕ್ಷ ಸಿಕ್ಕವನ ಕಳೆ ಇರಲಿಲ್ಲ.

ತಹಶೀಲ್ದಾರರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸಿಟ್ಟು ಮಾಡಿಕೊಳ್ಳುವುದು ಸುಲಭವಾಗುತ್ತಿತ್ತು. ಎಲ್ಲ ಕಾಗದ ನೋಡಿದರು. ಫೋನಿನಲ್ಲಿ ನನ್ನ ರೆಕಾರ್ಡಿಂಗ್ ಹಚ್ಚಿದೆ. ತಮ್ಮದೇ ಕಚೇರಿಯ ಹಾಳೆಯನ್ನು ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು.

“ಸಾಮಗ್ರಿ ಅಂತ ಐತಿ. ಛಾವಣಿ ಅಂತ ಇಲ್ಲ.”

ಅಪ್ಪಾಸಾಬ ಎದ್ದು ನಿಂತ. “ಸಾಹೇಬ್ರ, ನಾ ಹುಂಬ. ಕೀಲಿ ಹಾಕಿ ಹ್ವಾದೆ, ಮನಿ ಹೋತು. ನನಗ ಐದು ಲಕ್ಷ ಕೊಟ್ರಿ. ಈಕಿ ಶ್ಯಾಣ್ಯಾಕಿ. ನಿಮ್ಮ ಮಾತು ಕೇಳಿ ಉಳಿಸಿದಳು. ಈಕಿಗೆ ಏನೂ ಇಲ್ಲ. ಸರಕಾರ ಹುಂಬರನ್ನ ಹುಡುಕಿ ಹುಡುಕಿ ಬಕ್ಷೀಸು ಕೊಡತೈತೇನ್ರಿ?”

“ಅಪ್ಪಾಸಾಬ, ನನಗೂ ತಿಳೀತದ,” ಎಂದರು ತಹಶೀಲ್ದಾರರು. “ಆದ್ರ ನಾಳೆ ಆಡಿಟ್‌ನವ್ರು ಫೋಟೋ ಕೇಳ್ತಾರ. ಬಿದ್ದ ಮನಿ ತೋರಿಸಬಹುದು. ಬಿಚ್ಚಿದ ಮನಿ ಹೆಂಗ ತೋರಿಸಲಿ?”

ಗೋಡೆಯ ಲೆಕ್ಕಕ್ಕೆಂದು ‘ಸಿ’ ಬರೆದುಕೊಟ್ಟರು. ಅಷ್ಟು ಮಾಡಿದ್ದಕ್ಕೆ ಅವರಿಗೆ ಕೈಮುಗಿಯಬೇಕು, ಮುಗಿದೆವು. ಹೊರಗೆ ಬಂದಾಗ ಮಾವಶಿ ಕೇಳಿದಳು, “ಅಲ್ಲೋ, ಕೀಲಿ ಹಾಕಿ ಬಂದಿದ್ರ?” ನಾನು ಅಪ್ಪಾಸಾಬನ ಚಪ್ಪಲಿ ನೋಡುತ್ತ ನಿಂತೆ.

ಮುಂದೆ ನಡೆದದ್ದನ್ನು ನೋಡಿ. ಮಾವಶಿ ಮತ್ತು ಮಗ ಐವತ್ತು ಸಾವಿರದಲ್ಲಿ ಇಟ್ಟಿಗೆಯ ಗೋಡೆ ಎಬ್ಬಿಸಿದರು. ನಂಬರಿನ ಪ್ರಕಾರ ತೊಲೆ, ತಗಡು ಏರಿಸಲು ಮೂರು ದಿನ ಹಿಡಿಯಿತು. ಊರಿನಲ್ಲಿ ಎಲ್ಲರಿಗಿಂತ ಮೊದಲು ಒಲೆ ಹೊತ್ತಿದ್ದು ಆ ಮನೆಯಲ್ಲಿ. ಐದು ಲಕ್ಷದ ಮನೆಗಳು ಕಂತಿಗಾಗಿ ಕಾಯುತ್ತಿದ್ದವು. ಪಾಯ ಹಾಕಿ ಫೋಟೋ ತೆಗೆದರೆ ಒಂದು ಕಂತು, ಗೋಡೆ ಎಬ್ಬಿಸಿ ಫೋಟೋ ತೆಗೆದರೆ ಇನ್ನೊಂದು. ಅಪ್ಪಾಸಾಬ ಸಿಮೆಂಟು, ಮರಳು, ಗೋಡೆ ಕಟ್ಟುವ ಗೌಂಡಿ ಎಲ್ಲದಕ್ಕೂ ಅಲೆದಾಡಿ ವರ್ಷಗಟ್ಟಲೆ ತಗಡಿನ ಶೆಡ್ಡಿನಲ್ಲಿದ್ದ. ಅಂದರೆ ಸರ್ಕಾರಕ್ಕೆ ಅತಿ ಕಡಿಮೆ ಖರ್ಚಿನಲ್ಲಿ, ಅತಿ ಬೇಗ ಎದ್ದು ನಿಂತ ಮನೆ ಯಾವುದೋ, ಸರ್ಕಾರ ದಂಡ ಹಾಕಿದ್ದು ಅದಕ್ಕೇ.

ಊರ ಹೊರಗೆ ಸರ್ಕಾರ ಕೊಡುವ ಪುನರ್ವಸತಿಯ ಜಾಗಕ್ಕೆ ಹೋಗಬಹುದಲ್ಲ ಎಂದು ದೂರದವರು ಕೇಳುತ್ತಾರೆ. ಕೇಳುವವರು ಕಳೆ ತೆಗೆಯಲು ಹೋಗುವವರಲ್ಲ. ಮುಂಜಾನೆ ಹೊಲಕ್ಕೆ ಕರೆಯಲು ಬರುವವರು ಹೊಳೆಯ ಓಣಿಗೆ ಬರುತ್ತಾರೆ, ನಾಲ್ಕು ಕಿಲೋಮೀಟರು ದೂರದ ಆ ಜಾಗಕ್ಕಲ್ಲ. ಕೂಲಿ ಎಲ್ಲಿದೆಯೋ ಮನೆ ಅಲ್ಲಿರುತ್ತದೆ. ಈ ಸರಳ ಸಂಗತಿಗೂ ನಮ್ಮ ಟ್ಯಾಬಿನಲ್ಲಿ ಜಾಗವಿಲ್ಲ.

೨೦೨೧ರ ಜುಲೈ ಕೊನೆಯಲ್ಲಿ ಹೊಳೆ ಮತ್ತೆ ಬಂತು. ಮತ್ತೆ ಹಾಳೆ, ಮತ್ತೆ ಆಟೋ. ಹೊಳೆ ಓಣಿಗೆ ಹೋದಾಗ ಏನೋ ಕಡಿಮೆ ಅನಿಸಿತು. ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು: ಪಾನಾದ ಸಪ್ಪಳವಿಲ್ಲ. ಹಿಂದಿನ ಸಲ ಇಡೀ ಓಣಿ ಕಮ್ಮಾರಸಾಲೆಯ ಹಾಗೆ ಕಣಕಣ ಎನ್ನುತ್ತಿತ್ತು. ಈ ಸಲ ಮಂದಿ ಗಂಟುಮೂಟೆ, ಆಡು, ಎಮ್ಮೆ ಹಿಡಿದುಕೊಂಡು ನಡೆಯುತ್ತಿದ್ದರು. ಮಾಡಿನ ಮೇಲೆ ಒಬ್ಬನೂ ಇಲ್ಲ. ತಗಡು ತಗಡಿನ ಜಾಗದಲ್ಲಿ, ಕದ ಕದದ ಜಾಗದಲ್ಲಿ.

ಮಾವಶಿ ಕದಕ್ಕೆ ಕೀಲಿ ಹಾಕುತ್ತಿದ್ದಳು.

“ಮಾವಶಿ, ಟ್ರ್ಯಾಕ್ಟರ್ ತರಸ್ತೇನಿ. ಇನ್ನಾ ಟೈಮ್ ಐತಿ. ನಾನೂ ಮ್ಯಾಲೆ ಹತ್ತತೇನಿ, ಬಿಚ್ಚೂಣು ಬರ್ರಿ.”

“ನೀ ಮ್ಯಾಲೆ ಹತ್ತಿದ್ರ ತಗಡು ಇಳಸಾಕಿಂತ ಮೊದಲ ನಿನ್ನ ಇಳಸಬೇಕಾಕ್ಕೇತಿ,” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. “ಬಿಚ್ಚಿದ್ರ ‘ಸಿ’, ಬಿಟ್ರ ‘ಎ’. ನಾ ಸಾಲಿ ಕಲತಾಕಿ ಅಲ್ಲ. ಇವೆರಡ ಅಕ್ಷರ ನಿಮ್ಮ ಸಾಹೇಬ ಕಲಿಸ್ಯಾನ.”

“ಆದ್ರ ತೊಲಿ, ಕದ… ನಿಮ್ಮ ಮನಿಯವರು ನಂಬರ ಬರದದ್ದು…”

“ಗೊತ್ತೈತಿ,” ಎಂದಳು. “ನನ್ನ ಮುಂದನ ಕುಂತು ಬರದಾನ. ನೀ ಒಂದ ಹೇಳು. ನೀ ನನ್ನ ಮಗಾ ಆಗಿದ್ರ ಏನ ಹೇಳತಿದ್ದಿ?”

ಇಡೀ ಉದ್ಯೋಗದಲ್ಲಿ ಯಾರೂ ನನಗೆ ಇಷ್ಟು ಕಠಿಣ ಪ್ರಶ್ನೆ ಕೇಳಿಲ್ಲ. ಬೆನ್ನ ಹಿಂದೆ ಆಟೋದಲ್ಲಿ ನನ್ನದೇ ದನಿ ಸಾಗಿಸತಕ್ಕದ್ದು, ಸಾಗಿಸತಕ್ಕದ್ದು ಎನ್ನುತ್ತಿತ್ತು. ಡ್ರೈವರನಿಗೆ ಬಂದ್ ಮಾಡಲು ಹೇಳಿದೆ. ಆಮೇಲೆ ಗುತ್ತಿಗೆಯ ಸರ್ಕಾರಿ ನೌಕರನಾದ ನಾನು, ನದಿ ದಂಡೆಯ ಸಾರ್ವಜನಿಕರೊಬ್ಬರಿಗೆ ಸ್ವಂತ ದನಿಯಲ್ಲಿ ಹೇಳಿದೆ:

“ಬಿಡ್ರಿ ಮಾವಶಿ. ಹೋಗ್ಲಿ.”

ಹೋಯಿತು. ಹದಿನಾರು ವರ್ಷ ಹೊಳೆಗೆ ಸಿಗದೆ ತಪ್ಪಿಸಿಕೊಂಡಿದ್ದ ಕಟ್ಟಿಗೆ, ತಗಡು ಒಂದೇ ರಾತ್ರಿಯಲ್ಲಿ ಕೆಳಗಿನ ಊರುಗಳ ಕಡೆ ತೇಲಿತು. ಅದೊಂದೇ ಮನೆಯದಲ್ಲ, ಓಣಿಗೆ ಓಣಿಯದೇ. ಕಳ್ಳರು ಒಯ್ದಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ಇದನ್ನು ನಾವೇ ಎ, ಬಿ, ಸಿ ಕಲಿಸಿ ಕಳಿಸಿಕೊಟ್ಟಿದ್ದೆವು.

ಈ ಕೆಲಸ ನನಗೆ ಕಲಿಸಿದ ಪಾಠ ದೊಡ್ಡದೇನಲ್ಲ. ಸರ್ಕಾರ ಏನಕ್ಕೆ ದುಡ್ಡು ಕೊಡುತ್ತದೋ ಮಂದಿ ಅದನ್ನೇ ಮಾಡಿಕೊಡುತ್ತಾರೆ. ಉಳಿಸಿದ್ದಕ್ಕೆ ಕೊಟ್ಟಿದ್ದರೆ ಉಳಿಸುತ್ತಿದ್ದರು, ಅವರಿಗೆ ಉಳಿಸುವುದು ನಮಗಿಂತ ಚೆನ್ನಾಗಿ ಗೊತ್ತಿತ್ತು. ನಾವು ಬಿದ್ದದ್ದಕ್ಕೆ ಕೊಟ್ಟೆವು, ಬೀಳಿಸಿಕೊಂಡರು. ಆಮೇಲೆ ನಾವೇ ಕಚೇರಿಯಲ್ಲಿ ಕೂತು, ಹೊಳೆ ದಂಡೆಯ ಮಂದಿಗೆ ಮುಂಜಾಗ್ರತೆಯೇ ಇಲ್ಲ ಎಂದು ವರದಿ ಬರೆಯುತ್ತೇವೆ. ಆ ವರದಿಗಳನ್ನು ಟೈಪು ಮಾಡುವವನು ನಾನು. ಅದರಲ್ಲಿ ಕಾಗುಣಿತ ತಿದ್ದುವ ಅಧಿಕಾರ ನನಗಿದೆ, ಸುಳ್ಳು ತಿದ್ದುವ ಅಧಿಕಾರ ಇಲ್ಲ.

ಆ ವರ್ಷದ ಸಮೀಕ್ಷೆಗೆ ಬೇರೆ ಇಂಜಿನಿಯರ್ ಬಂದಿದ್ದರು. ಮಾವಶಿಯ ಮನೆಯ ಇಟ್ಟಿಗೆಯ ಗೋಡೆ ಒಳಮುಖವಾಗಿ ಕುಸಿದಿತ್ತು. ಒಂದು ಮುರುಟಿದ ತಗಡು ಮಾತ್ರ ಕಲ್ಲಿಗೆ ಸಿಕ್ಕಿಕೊಂಡು ಉಳಿದಿತ್ತು. ಸಾಹೇಬರು ಎರಡು ನಿಮಿಷ ನೋಡಿ ‘ಎ’ ಎಂದರು. ಛಾವಣಿ ಕುಸಿದಿದೆಯೇ? ಹೌದು. ನಾನು ಫೋಟೋಕ್ಕೆ ಟ್ಯಾಬು ಎತ್ತಿದೆ. ಮಾವಶಿ ಸೆರಗು ಸರಿಮಾಡಿಕೊಂಡು ದಿನ್ನೆಯ ಪಕ್ಕಕ್ಕೆ ಬಂದು ನಿಂತಳು, ಒಮ್ಮೆ ಹಿಂತಿರುಗಿ ನೋಡಿದಳು.

“ಈ ಸಲ ಬರೋಬ್ಬರಿ ಬಿದ್ದೈತೇನೋ, ಪೋರಾ?”